ಪದಚರ್ಚೆ: ‘ಇಟ್ಟುಕೊಂಡವಳು’ ಅನ್ನದೆ ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಮೊನ್ನೆ ಪಕ್ಕದ ಮನೆಯ ಅಮ್ಮನ ಜೊತೆ ಉಡುಪಿಯ ಒಂದು ಆಸ್ಪತ್ರೆಗೆ ಹೋಗಿದ್ದೆ. ಅಡ್ಮಿಟ್ ಆಗಿದ್ದವರು ಅವರ ಗಂಡ ಅಲ್ಲ. ಗಂಡ ತೀರಿಕೊಂಡು ತುಂಬ ವರ್ಷ ಆಯಿತು. ಅಡ್ಮಿಟ್ ಆದ ಇವರಿಗೂ ಹೆಂಡತಿ ಇಲ್ಲ. ಇಬ್ಬರಿಗೂ ಅರವತ್ತು ದಾಟಿದೆ. ಅಮ್ಮನ ಮನೆ ಬಾಡಿಗೆ, ಔಷಧಿಯ ಖರ್ಚು ಇವರದ್ದು. ಮಧ್ಯಾಹ್ನದ ಊಟ ಅಮ್ಮನ ಮನೆಯಲ್ಲಿ. ಸಂಜೆ ಇಬ್ಬರೂ ರಥಬೀದಿಗೆ ಹೋಗಿ ಬರುತ್ತಾರೆ. ಮದುವೆಯಾದರೆ ಅಮ್ಮನಿಗೆ ಬರುವ ಕುಟುಂಬ ಪಿಂಚಣಿ ನಿಂತುಹೋಗುತ್ತದೆ, ಹಾಗಾಗಿ ಆಗಿಲ್ಲ.

ಕೌಂಟರಿನಲ್ಲಿ ಕೇಳಿದರು: “ಪೇಶೆಂಟ್ ನಿಮಗೆ ಏನಾಗಬೇಕು?” ಅಮ್ಮ ಪೆನ್ನು ಹಿಡಿದುಕೊಂಡು ಹಾಗೇ ನಿಂತರು. ಕೊನೆಗೆ ‘ಪರಿಚಯದವರು’ ಎಂದು ಬರೆದರು. ಐಸಿಯು ಒಳಗೆ ಮನೆಯವರಿಗೆ ಮಾತ್ರ ಎಂದು ಅಮ್ಮನನ್ನು ಹೊರಗೆ ಕೂರಿಸಿದರು.

ಊರಿನವರ ಬಾಯಲ್ಲಿ ಪದ ರೆಡಿ ಇದೆ, ‘ಇಟ್ಟುಕೊಂಡಿದ್ದಾರೆ’. ನನಗೆ ಸಂಕಟ ಆಗುವುದು ಇಲ್ಲೇ. ಉಪ್ಪಿನಕಾಯಿ ಭರಣಿಯನ್ನು ಇಟ್ಟುಕೊಳ್ಳುತ್ತೇವೆ, ಮನುಷ್ಯರನ್ನಲ್ಲ. ಅವಳೂ ಬಯಸಿ ಒಪ್ಪಿದ್ದಾಳೆ ಎನ್ನುವುದಕ್ಕೆ ಆ ಮಾತಿನಲ್ಲಿ ಜಾಗವೇ ಇಲ್ಲ. 2010ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದರಲ್ಲೇ ಇದೇ ಅರ್ಥದ ‘ಕೀಪ್’ ಎಂಬ ಇಂಗ್ಲಿಷ್ ಪದ ಬಂದಿತ್ತು. ವಕೀಲೆ ಇಂದಿರಾ ಜೈಸಿಂಗ್ ಅದಕ್ಕೆ ಆಕ್ಷೇಪ ಎತ್ತಿದರು. ಹೆಂಗಸರನ್ನು ಕೀಳಾಗಿ ಕಾಣುವ ಪದಗಳನ್ನು ಕೋರ್ಟಿನ ಬರಹದಲ್ಲಿ ಬಿಡಿ ಎಂದು 2023ರಲ್ಲಿ ಅದೇ ಕೋರ್ಟು ತಂದ ಕೈಪಿಡಿ ಈ ಪದ ಬೇಡ ಎಂದಿತು. ಆದರೆ ಬದಲಿಗೆ ಕೊಟ್ಟದ್ದು ಒಂದು ಉದ್ದನೆಯ ವಿವರಣೆ, ‘ಮದುವೆಯ ಹೊರಗೆ ಗಂಡಸೊಬ್ಬನ ಜೊತೆ ಸಂಬಂಧ ಇದ್ದ ಹೆಂಗಸು’ ಎಂಬ ಅರ್ಥದ್ದು. ಫಾರ್ಮಿನಲ್ಲಿ ಅದನ್ನು ಬರೆಯುವುದು ಹೇಗೆ?

‘ಸಹಜೀವನ’ ಪೇಪರಿನವರ ಪದ, ಇವರಿರುವುದು ಬೇರೆ ಬೇರೆ ಮನೆಯಲ್ಲಿ. ‘ಶುಗರ್ ಡ್ಯಾಡಿ’ (ಚಿಕ್ಕ ವಯಸ್ಸಿನವಳ ಖರ್ಚು ನೋಡಿಕೊಳ್ಳುವ ಹಿರಿಯ) ಎಂದರೆ ದುಡ್ಡು ಮಾತ್ರ ಕಾಣುತ್ತದೆ. ‘ಆಸರೆ’ ಚೆಂದದ ಪದ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಆಸರಿಗೆ ಬೇಕಾ ಎಂದು ಕೇಳುತ್ತೇವೆ. ಅದು ಬಾಯಾರಿಕೆಯ ಮಾತು, ಎರಡಕ್ಕೂ ನಂಟು ಇದೆಯಾ ತಿಳಿದವರು ಹೇಳಿ. ಆದರೆ ಆಸರೆಯಲ್ಲೂ ಕೊಡುವವರು ಒಬ್ಬರೇ. ಅಮ್ಮ ಬಡಿಸುವ ಊಟ, ಕೊಡುವ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ.

ನನ್ನ ಮನಸ್ಸು ‘ಒಡನಾಡಿ’ ಕಡೆಗೆ ಇದೆ. ಗಂಡಿಗೂ ಹೆಣ್ಣಿಗೂ ಒಂದೇ ಪದ. ಅದರಲ್ಲಿ ಖರ್ಚು ನೋಡಿಕೊಳ್ಳುವ ಅರ್ಥ ಇಲ್ಲ ಎನ್ನಬಹುದು. ‘ಗಂಡ’, ‘ಹೆಂಡತಿ’ ಪದಗಳಲ್ಲೂ ಅದು ಇಲ್ಲ, ಅಲ್ವಾ?

ಇನ್ನೊಂದು. ನಮ್ಮ ಕರಾವಳಿಯ ಬಂಟ ಸಮುದಾಯದಲ್ಲಿ ವಿಧವೆಯ ಮದುವೆಗೆ ‘ಬುಡುಧಾರೆ’ ಎಂದು ಬೇರೆ ಹೆಸರೇ ಇತ್ತು, ಕನ್ಯೆಯದ್ದು ‘ಕೈಧಾರೆ’. ಹಾಗೆಯೇ ಧಾರೆ ಇಲ್ಲದ ಇಂಥ ಜೊತೆಗೂ ತುಳುವಿನಲ್ಲಿ, ಕುಂದಾಪ್ರ ಕನ್ನಡದಲ್ಲಿ, ಕೊಂಕಣಿಯಲ್ಲಿ ಬೈಗುಳ ಅಲ್ಲದ ಹೆಸರು ಇದೆಯಾ? ಅಜ್ಜಿಯಂದಿರನ್ನು ಕೇಳಿ ಬರೆಯಿರಿ. ಮುಂದಿನ ತಿಂಗಳು ಚೆಕಪ್ ಇದೆ, ಅಮ್ಮ ಮತ್ತೆ ಅದೇ ಫಾರ್ಮ್ ತುಂಬಬೇಕು.