ಸಲಹೆಗಾರ, ತಜ್ಞ, ಗುರು, ಮೇಷ್ಟ್ರು: ಇವರನ್ನ ಏನಂತ ಕರೀಬೇಕು?

ಎಲ್ರಿಗೂ ನಮಸ್ಕಾರ. ಅಮೆರಿಕದ ಅನ್ವೇಷಕರು ಲೂಯಿಸ್ ಮತ್ತು ಕ್ಲಾರ್ಕ್ ಬಗ್ಗೆ ಮಕ್ಕಳಿಗೆ ಒಂದು ಲೇಖನ ಬರೀತಿದೀನಿ, ಅದೇ 1804ರಲ್ಲಿ ಮಿಸೌರಿ ನದಿ ಹಿಡ್ಕೊಂಡು ಹೊರಟು ಪೆಸಿಫಿಕ್ ಸಮುದ್ರ ಮುಟ್ಟಿ 1806ಕ್ಕೆ ವಾಪಸ್ ಬಂದ್ರಲ್ಲ, ಅವರು. ಒಂದು ಪದಕ್ಕೆ ಸಿಕ್ಕಾಕ್ಕೊಂಡು ಕೂತಿದೀನಿ.

ಎಲ್ಲಾ ಶಾಸ್ತ್ರ ಬಲ್ಲವನೂ ಆಗಿ ಕಾಡಲ್ಲಿ ಬದುಕೋ ಗಟ್ಟಿಗನೂ ಆಗಿರೋನು ಸಿಗಲ್ಲ ಅಂತ ಆಗಿನ ಅಮೆರಿಕ ಅಧ್ಯಕ್ಷ ಜೆಫರ್ಸನ್ 1803ರಲ್ಲಿ ತನ್ನ ಸೆಕ್ರೆಟರಿ ಲೂಯಿಸ್‌ನನ್ನೇ ಪೆನ್ಸಿಲ್ವೇನಿಯಾಕ್ಕೆ ಕಲಿಯೋಕೆ ಕಳಿಸ್ತಾನೆ. ಲ್ಯಾಂಕಾಸ್ಟರ್‌ನಲ್ಲಿ ಆಂಡ್ರೂ ಎಲಿಕಾಟ್ ಸೆಕ್ಸ್‌ಟಂಟ್ (ಸೂರ್ಯ, ನಕ್ಷತ್ರ ಎಷ್ಟು ಎತ್ತರದಲ್ಲಿವೆ ಅಂತ ಕೋನ ಅಳೆಯೋ ಸಾಧನ) ಹಿಡಿಯೋದು ಕಲಿಸ್ದ, ಫಿಲಡೆಲ್ಫಿಯಾದಲ್ಲಿ ಪ್ಯಾಟರ್ಸನ್ ರೇಖಾಂಶದ ಲೆಕ್ಕ, ಬಾರ್ಟನ್ ಗಿಡಮರ, ವಿಸ್ಟಾರ್ ಪಳೆಯುಳಿಕೆ, ಡಾಕ್ಟರ್ ಬೆಂಜಮಿನ್ ರಶ್ ಆರೋಗ್ಯದ ವಿಚಾರ.

ಈಗ ಈ ಐವರು ಯಾರು? ಸಲಹೆಗಾರ ಅಂದ್ರೆ ಮುಖ್ಯಮಂತ್ರಿ ಪಕ್ಕ ಕೂರೋರು ಕಣ್ಮುಂದೆ ಬರ್ತಾರೆ, ಸಲಹೆ ಕೊಟ್ಟು ಸುಮ್ಮನಾಗೋರು. ತಜ್ಞ ಅನ್ನೋದು ತತ್ ಜ್ಞ, ಅದನ್ನ ಬಲ್ಲವನು ಅಷ್ಟೇ, ಇನ್ನೊಬ್ಬರಿಗೆ ದಾಟಿಸಿದ ಅನ್ನೋದು ಅದರಲ್ಲಿ ಬರಲ್ಲ. ಗುರು ಅನ್ನೋಣ ಅಂದ್ರೆ ಕೆಲವೇ ವಾರದ ಪಾಠಕ್ಕೆ ಭಾರ ಜಾಸ್ತಿ ಆಯ್ತು. ಹೇಳಿಕೊಟ್ಟವರು ಅನ್ನೋದೇ ಸರಿ ಅನ್ಸುತ್ತೆ ನಂಗೆ, ಆದ್ರೆ ತಲೆಬರಹಕ್ಕೆ ಹಾಕಿದ್ರೆ ಏನು ಹೇಳಿಕೊಟ್ಟರು ಅಂತ ಓದೋರು ಕೇಳ್ತಾರೆ.

ಇನ್ನೊಂದು ತಲೆನೋವು ಈ ರಶ್ ಡಾಕ್ಟರದ್ದು. ಅವನ 50 ಡಜನ್ ಗುಳಿಗೆ ದಂಡಿನ ಜೊತೆ ಹೋಯ್ತು, ಪಾದರಸದ ಕ್ಯಾಲೊಮೆಲ್ ಮತ್ತೆ ಜಲಾಪ ಬೇರು ಸೇರಿಸಿದ್ದು, ಜನ ಸಿಡಿಲು ಅಂತಲೇ ಕರೀತಿದ್ರು, ನುಂಗಿದವನ ಗತಿ ಊಹಿಸ್ಕೊಳ್ಳಿ. ಮೊಂಟಾನಾದಲ್ಲಿ ಅವರು ತಂಗಿದ್ದ ಜಾಗದ ಕಕ್ಕಸು ಗುಂಡಿ ಮಣ್ಣಲ್ಲಿ ಪಾದರಸದ ಅಂಶ ಸಿಕ್ಕಿದೆ ಅಂದ್ರೆ ನೋಡಿ! ಇದನ್ನ ಭೇದಿ ಮಾತ್ರೆ ಅಂತ ಬರೆದ್ರೆ ಈಗಿನ ಮಕ್ಕಳು ಭೇದಿ ನಿಲ್ಲಿಸೋ ಮಾತ್ರೆ ಅನ್ಕೋತವೆ, ಇದು ಮಾಡಿಸೋದು. ಹಿಂದೆ ಮನೇಲಿ ಹರಳೆಣ್ಣೆ ಕುಡಿಸಿ 'ಭೇದಿಗೆ ಕೊಡೋದು' ಅಂತಿದ್ರಲ್ಲ, ಆ ಅರ್ಥ. ವಿರೇಚಕ ಸರಿಯಾದ ಪದವೇ, ಆದ್ರೆ ಎಷ್ಟು ಮಕ್ಕಳಿಗೆ ಗೊತ್ತು?

ಸದ್ಯಕ್ಕೆ 'ಲೂಯಿಸ್‌ನ ಐದು ಜನ ಮೇಷ್ಟ್ರು' ಅಂತ ಬರೆದಿಟ್ಟಿದೀನಿ. ಮೇಷ್ಟ್ರು ಅಂದ್ರೆ ಸ್ಕೂಲಿನ ವಾಸನೆ ಬರುತ್ತಾ, ಇಲ್ಲಾ ನಡೆಯುತ್ತಾ?