ನಿನಗೆಂಥ ಆಟಿಸಂ?

(ನಮ್ಮ ಮನೆಯವರ ವಾಟ್ಸಾಪ್ ಗುಂಪು, 43 ಜನ. ಭಾನುವಾರ ಬೆಳಿಗ್ಗೆಯಿಂದ ನಡೆದದ್ದು. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆಯೇ.)

ಶಿವಮೊಗ್ಗ ಚಿಕ್ಕಪ್ಪ: [ಹಲವು ಸಲ ಫಾರ್ವರ್ಡ್ ಆಗಿದೆ] ನಮ್ಮ ಕಾಲದಲ್ಲಿ ಆಟಿಸಂ ಇರಲಿಲ್ಲ, ಎಡಿಎಚ್‌ಡಿ ಇರಲಿಲ್ಲ, ಡಿಪ್ರೆಶನ್ ಇರಲಿಲ್ಲ. ಅಪ್ಪನ ಬೆಲ್ಟ್ ಇತ್ತು, ಮೇಷ್ಟ್ರ ಕೋಲು ಇತ್ತು. ಎಲ್ಲರೂ ಸರಿಯಾಗೇ ಇದ್ದೆವು!! ಒಪ್ಪುವವರು ಶೇರ್ ಮಾಡಿ 😂😂

ಮೈಸೂರು ದೊಡ್ಡಪ್ಪ: 👌👌 ನೂರಕ್ಕೆ ನೂರು

ಅಮೆರಿಕ ಭಾವ: 😂

ನಾನು: ಚಿಕ್ಕಪ್ಪ, ಇದನ್ನು ಇವತ್ತೇ ಹಾಕಬೇಕಿತ್ತಾ? ನನಗೆ ಆಟಿಸಂ ಅಂತ ರಿಪೋರ್ಟ್ ಬಂದ ವಿಷಯ ಗುರುವಾರ ಇದೇ ಗುಂಪಿನಲ್ಲಿ ಬರೆದಿದ್ದೆ. ಮೂರು ದಿನದಲ್ಲಿ ಬಂದದ್ದು ಎರಡು ಕೈಮುಗಿದ ಎಮೋಜಿ, ಒಂದು 'ಗೆಟ್ ವೆಲ್ ಸೂನ್'. ಆಮೇಲೆ ಇದು.

ಶಿವಮೊಗ್ಗ ಚಿಕ್ಕಪ್ಪ: ಅಯ್ಯೋ, ಸುಮ್ನೆ ತಮಾಷೆಗೆ ಹಾಕಿದ್ದು. ನಿನಗೆ ಹೇಳಿದ್ದಲ್ಲ ಮಾರಾಯ್ತಿ. ನಿನಗೆಂಥ ಆಟಿಸಂ? 40 ಮಕ್ಕಳ ಮುಂದೆ ನಿಂತು ಲೆಕ್ಕ ಪಾಠ ಮಾಡುತ್ತೀಯ. ಮದುವೆ ಆಗಿದೆ, ಮಗಳಿದ್ದಾಳೆ, ಸ್ಕೂಟರ್ ಓಡಿಸುತ್ತೀಯ. ಯಾರೋ ಡಾಕ್ಟರು ದುಡ್ಡಿಗೋಸ್ಕರ ಏನೋ ಬರೆದುಕೊಟ್ಟರೆ ನಂಬಿಬಿಡುವುದಾ?

ಹುಬ್ಬಳ್ಳಿ ಅತ್ತೆ: ಹೌದಮ್ಮ, ನೋಡಿದರೆ ಹಾಗೆ ಕಾಣುವುದೇ ಇಲ್ಲ. ಎಷ್ಟು ಲಕ್ಷಣವಾಗಿ ಮಾತಾಡುತ್ತೀಯ. ಇದನ್ನು ಹೊಗಳಿಕೆ ಅಂತಲೇ ತಿಳಿದುಕೋ 🙏

ಮೈಸೂರು ದೊಡ್ಡಪ್ಪ: ನಮ್ಮ ಅಪ್ಪನೂ ಹಾಗೇ ಇದ್ದರಲ್ಲ. ಅದೇ ತಟ್ಟೆ, ಅದೇ ಮಣೆ, ಅದೇ ಹೊತ್ತು. ಹುಳಿ ಅನ್ನಕ್ಕೆ ತಾಗಿದರೆ ಎದ್ದು ಹೋಗುತ್ತಿದ್ದರು. ಬೀರೂರಿನಿಂದ ಹೊರಡುವ ಎಲ್ಲಾ ರೈಲಿನ ವೇಳೆ ಬಾಯಿಪಾಠ. ಅವರಿಗೇನು ಆಟಿಸಂ ಇತ್ತಾ? ಸಂಸಾರ ಮಾಡಲಿಲ್ವಾ?

ನಾನು: ಸತ್ತವರಿಗೆ ನಾನು ಚೀಟಿ ಬರೆಯುವುದಿಲ್ಲ ದೊಡ್ಡಪ್ಪ. ಆದರೆ ಸಂಸಾರ ಮಾಡಿದ್ದು ಅಜ್ಜಿ.

ತಂಗಿ: 🔥

ಅಮೆರಿಕ ಭಾವ: ಸೀರಿಯಸ್ ಆಗಿ ಹೇಳುತ್ತೇನೆ, ಎಲ್ಲರೂ ಸ್ವಲ್ಪ ಸ್ವಲ್ಪ ಆಟಿಸ್ಟಿಕ್ಕೇ. ನಾನೇ ಆನ್‌ಲೈನಿನಲ್ಲಿ ಆ 50 ಪ್ರಶ್ನೆಯ ಟೆಸ್ಟ್ ತೆಗೆದುಕೊಂಡೆ, 23 ಬಂತು. ಅದಕ್ಕೇ ಸ್ಪೆಕ್ಟ್ರಮ್ ಅನ್ನುವುದು. ಎಲ್ಲರೂ ಎಲ್ಲೋ ಒಂದು ಕಡೆ ಇರುತ್ತೇವೆ.

ನಾನು: ಭಾವ, ಅದು ಕೇಂಬ್ರಿಡ್ಜಿನವರು 2001ರಲ್ಲಿ ಮಾಡಿದ ಪ್ರಶ್ನಾವಳಿ. ಮುಂದೆ ಸರಿಯಾಗಿ ತೋರಿಸಬೇಕೋ ಬೇಡವೋ ಅಂತ ತಿಳಿಯುವುದಕ್ಕೆ ಇರುವಂಥದ್ದು, ಅಷ್ಟೇ. ಅದರಿಂದಲೇ ಯಾರಿಗೂ ಆಟಿಸಂ ಅಂತ ಬರೆದುಕೊಡುವುದಿಲ್ಲ. ಇನ್ನು 'ಎಲ್ಲರಿಗೂ ಸ್ವಲ್ಪ' ಅನ್ನುವ ಮಾತು. ಬಿಪಿ ಎಲ್ಲರಿಗೂ ಇದೆ, ಇಲ್ಲದಿದ್ದರೆ ಹೆಣ. ಮಾತ್ರೆ ತಿನ್ನುವುದು ಮಾತ್ರ ಚಿಕ್ಕಪ್ಪ.

ಶಿವಮೊಗ್ಗ ಚಿಕ್ಕಪ್ಪ: ನನ್ನ ಬಿಪಿ ಯಾಕೆ ಮಧ್ಯೆ ತಂದೆ 😄

ಬೆಂಗಳೂರು ಸೋದರತ್ತೆ: ಇದೆಲ್ಲ ಲಸಿಕೆಯಿಂದ ಬರುತ್ತದೆ ಅಂತ ಒಂದು ವಿಡಿಯೋ ಇದೆ, ಹಾಕಲಾ?

ನಾನು: ಬೇಡ ಅತ್ತೆ. ಆ ಕತೆ ಹಬ್ಬಿದ್ದು ದಡಾರ ಮುಂತಾದವಕ್ಕೆ ಹಾಕುವ ಲಸಿಕೆಯ ಬಗ್ಗೆ ಬಂದ 1998ರ ಒಂದು ಲೇಖನದಿಂದ. ಬರೆದ ಡಾಕ್ಟರ ಲೈಸೆನ್ಸೇ ಹೋಯಿತು, 2010ರಲ್ಲಿ ಪತ್ರಿಕೆಯವರೇ ಲೇಖನ ವಾಪಸ್ ತೆಗೆದುಕೊಂಡರು.

ಅಮ್ಮ: ಇವಳಿಗೆ ಆ ಲಸಿಕೆ ಹಾಕಿಸಿಯೇ ಇರಲಿಲ್ಲ. ದಡಾರ ಬಂದೇ ಹೋಯಿತು.

ಬೆಂಗಳೂರು ಸೋದರತ್ತೆ: ಓ ಹಾಗಾ. ಸರಿ. ಆದರೂ ಒಂದು ಮಾತು. ಚಿಕ್ಕವಳಿಗೆ ಗಂಡು ನೋಡುತ್ತಿದ್ದೇವೆ, ಇಂಥ ವಿಷಯ ಗುಂಪಿನಲ್ಲಿ ಬರೆದರೆ ನಾಲ್ಕು ಜನ ಏನೆಂದುಕೊಳ್ಳುತ್ತಾರೆ?

ತಂಗಿ: ನನಗೆ ಗಂಡು ನೋಡುತ್ತಿರುವುದು ನನಗೇ ಈಗ ಗೊತ್ತಾಯಿತು

ಹುಬ್ಬಳ್ಳಿ ಅತ್ತೆ ಈ ಸಂದೇಶವನ್ನು ಅಳಿಸಿದ್ದಾರೆ

ನಾನು: ಒಂದೇ ಸಲ ಉದ್ದಕ್ಕೆ ಬರೆದುಬಿಡುತ್ತೇನೆ, ಓದುವವರು ಓದಿ. ಚಿಕ್ಕಪ್ಪ ಕೇಳಿದ್ದನ್ನೇ ನಾನು ಮೊದಲು ತೋರಿಸಿದ ಡಾಕ್ಟರೂ ಕೇಳಿದ್ದರು. ಐದು ನಿಮಿಷ ಕೂರಿಸಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತೀರಿ, ಮದುವೆ ಆಗಿದೆ, ಆಟಿಸಂ ಇರಲಿಕ್ಕೇ ಸಾಧ್ಯ ಇಲ್ಲ, ಒಂದು ವಾರ ಎಲ್ಲಾದರೂ ಟೂರ್ ಹೋಗಿ ಬನ್ನಿ ಅಂದರು. ನಾನು ಅವರ ಕಣ್ಣು ನೋಡಿರಲೇ ಇಲ್ಲ. ಹೆಂಗಸರಾದರೆ ಹಣೆಯ ಬೊಟ್ಟು ನೋಡುತ್ತೇನೆ, ಗಂಡಸರಾದರೆ ಕನ್ನಡಕದ ನಡುವಿನ ಕಡ್ಡಿ. ಏಳನೇ ಕ್ಲಾಸಿನಲ್ಲಿ ಕಲಿತದ್ದು, 'ಮುಖ ನೋಡಿ ಮಾತಾಡು' ಅಂತ ಕಿವಿ ಹಿಂಡಿಸಿಕೊಂಡ ಮೇಲೆ. ಹುಬ್ಬಳ್ಳಿ ಅತ್ತೆ, ನಿಮ್ಮ ಬೊಟ್ಟು ಸ್ವಲ್ಪ ಎಡಕ್ಕೆ ಇರುತ್ತದೆ, 25 ವರ್ಷದಿಂದ ನೋಡುತ್ತಿದ್ದೇನೆ.

ಪಾಠದ ವಿಷಯ. ಕ್ಲಾಸಿನಲ್ಲಿ ಯಾರು ಯಾವಾಗ ಮಾತಾಡಬೇಕು ಅನ್ನುವುದಕ್ಕೆ ನಿಯಮ ಇದೆ, 40 ನಿಮಿಷಕ್ಕೆ ಬೆಲ್ ಹೊಡೆಯುತ್ತದೆ, ವಿಷಯ ನನ್ನದು. ನನಗೆ ಕಷ್ಟ ಸ್ಟಾಫ್ ರೂಮು. ಅಲ್ಲಿ ಆರು ಜನ ಒಟ್ಟಿಗೆ ಮಾತಾಡುತ್ತಾರೆ, ಫ್ಯಾನ್ ಕಿರುಗುಟ್ಟುತ್ತದೆ, ಯಾರೋ ಟಿಫಿನ್ ಡಬ್ಬಿ ತೆರೆಯುತ್ತಾರೆ, ಎಲ್ಲವೂ ಒಂದೇ ಜೋರಿನಲ್ಲಿ ಕಿವಿಗೆ ಬೀಳುತ್ತದೆ. ಯಾವುದಕ್ಕೆ ನಗಬೇಕು ಅಂತ ಪಕ್ಕದವರನ್ನು ನೋಡಿ ಅರ್ಧ ಕ್ಷಣ ತಡವಾಗಿ ನಗುತ್ತೇನೆ. ಹೋದ ವರ್ಷ ಮುಖ್ಯೋಪಾಧ್ಯಾಯಿನಿ ಮಾಡಿದರು ನೋಡಿ, ದಿನವಿಡೀ ಸ್ಟಾಫ್ ರೂಮೇ ಆಯಿತು. ಅಕ್ಟೋಬರ್ ಹೊತ್ತಿಗೆ ಸ್ನಾನ ಮಾಡುವುದಕ್ಕೂ ಆಗುತ್ತಿರಲಿಲ್ಲ. ಬೆನ್ನುನೋವು ಅಂತ ನಿಮಗೆಲ್ಲ ಹೇಳಿದ್ದ ಆ ನಾಲ್ಕು ತಿಂಗಳ ರಜೆ ಅದೇ.

ಎರಡನೇ ಕಡೆ ಮೂರು ಸಲ ಕರೆದರು. ಅಕ್ಷರವೇ ಇಲ್ಲದ ಚಿತ್ರಪುಸ್ತಕ ಕೊಟ್ಟು ಕತೆ ಹೇಳಿ ಅಂದರು, ಗೆಳೆತನ ಅಂದರೆ ಏನು ಅಂತ ಕೇಳಿದರು, ಪ್ರೈಮರಿ ಸ್ಕೂಲಿನ ಮಾರ್ಕ್ಸ್ ಕಾರ್ಡ್ ತರಿಸಿದರು, ಅಮ್ಮನಿಗೆ ಒಂದೂವರೆ ಗಂಟೆ ಫೋನ್ ಮಾಡಿದರು. ದುಡ್ಡಿಗೋಸ್ಕರ ಬರೆಯುವವರು ಇಷ್ಟು ಕಷ್ಟಪಡಬೇಕಾಗಿಲ್ಲ. 2013ರಿಂದ ಡಾಕ್ಟರುಗಳು ಇಟ್ಟುಕೊಂಡಿರುವ ಅಳತೆಯಲ್ಲೇ ಇದೆ: ಲಕ್ಷಣಗಳು ಚಿಕ್ಕಂದಿನಿಂದ ಇರಬೇಕು, ಆದರೆ ಮೇಲಿನ ಭಾರ ಕೈಮೀರುವ ತನಕ ಪೂರ್ತಿ ಕಾಣದೇ ಇರಬಹುದು, ಕಲಿತ ಉಪಾಯಗಳ ಹಿಂದೆ ಅಡಗಿಯೂ ಇರಬಹುದು. ನೀವೆಲ್ಲ 'ಆಟಿಸಂ ಇಲ್ಲ' ಅನ್ನುವುದಕ್ಕೆ ಸಾಕ್ಷಿ ಅಂತ ತೋರಿಸುತ್ತಿರುವುದು ಆ ಉಪಾಯಗಳನ್ನೇ.

ಅಮ್ಮ: ನನ್ನನ್ನು ಕೇಳಿದಾಗ ಚೆನ್ನಾಗಿದ್ದಳು ಅಂತಲೇ ಹೇಳಿದೆ. ಆಮೇಲೆ ಅವರು, ಮಗು ಆಟ ಹೇಗೆ ಆಡುತ್ತಿತ್ತು ಅಂದರು. ಗುಂಡಿ ಡಬ್ಬಿ ಸುರಿದುಕೊಂಡು ಬಣ್ಣದ ಪ್ರಕಾರ ಸಾಲು ಇಡುತ್ತಿದ್ದಳು, ಸಂಜೆವರೆಗೆ ಸದ್ದಿಲ್ಲ, ಎಷ್ಟು ಒಳ್ಳೆ ಮಗು ಅಂತ ಎಲ್ಲರೂ ಅನ್ನುತ್ತಿದ್ದರು ಅಂದೆ. ಅವರು ಸುಮಾರು ಹೊತ್ತು ಬರೆದುಕೊಂಡರು.

ಮೈಸೂರು ದೊಡ್ಡಪ್ಪ: ಅದೆಲ್ಲ ಸರಿ. ಆದರೆ ಆಟಿಸಂ ಇರುವವರು ಕೆಲಸಕ್ಕೆ ಹೋಗುತ್ತಾರಾ?

ನಾನು: ಅಮೆರಿಕದಲ್ಲಿ ಲಿಯೋ ಕ್ಯಾನರ್ ಅನ್ನುವ ಡಾಕ್ಟರು 1943ರಲ್ಲಿ 11 ಮಕ್ಕಳ ಬಗ್ಗೆ ಬರೆದರು, ಅಲ್ಲಿಂದ ಈ ಹೆಸರು ಈ ಅರ್ಥದಲ್ಲಿ ಬಳಕೆಗೆ ಬಂತು. ಅದರಲ್ಲಿ ಎಂಟು ಗಂಡು, ಮೂರೇ ಹೆಣ್ಣು. ಮರುವರ್ಷ ವಿಯೆನ್ನಾದ ಡಾಕ್ಟರು ಆಸ್ಪರ್ಗರ್ ವಿವರವಾಗಿ ಬರೆದ ನಾಲ್ಕೂ ಮಕ್ಕಳು ಹುಡುಗರೇ. ಹುಡುಗಿಯರನ್ನು ಹುಡುಕುವ ಕಣ್ಣೇ ತುಂಬ ತಡವಾಗಿ ಬಂತು. ಕ್ಯಾನರ್ ಪಟ್ಟಿಯ ಮೊದಲ ಹುಡುಗ ಡೊನಾಲ್ಡ್ ಟ್ರಿಪ್ಲೆಟ್. ದೊಡ್ಡವನಾಗಿ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಕಾರು ಓಡಿಸಿದ, ಗಾಲ್ಫ್ ಆಡಿದ, 2023ರಲ್ಲಿ 89 ವರ್ಷಕ್ಕೆ ತೀರಿಕೊಂಡ. ಮೊಟ್ಟಮೊದಲ ಕೇಸೇ ಬ್ಯಾಂಕಿನವನು. ಚಿಕ್ಕಪ್ಪ, ನಿಮ್ಮದೂ ಬ್ಯಾಂಕೇ ಅಲ್ವಾ.

ಶಿವಮೊಗ್ಗ ಚಿಕ್ಕಪ್ಪ: ನನ್ನನ್ನು ಬಿಡು ತಾಯಿ

ಧಾರವಾಡ ಅಣ್ಣ: ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಚಿಕ್ಕಪ್ಪನ ಫಾರ್ವರ್ಡಿಗೆ ಬೇಜಾರಿಲ್ಲ, ಅವರು ಓದದೇ ಹಾಕುತ್ತಾರೆ. ನನಗೆ ಬೇಜಾರು ನಿನ್ನ ಮೇಲೆ. ನನ್ನ ಮಗನಿಗೆ 14 ವರ್ಷ. ಮಾತಿಲ್ಲ. ರಾತ್ರಿ ಮೂರು ಗಂಟೆಗೆ ಎದ್ದು ಬಾಗಿಲು ಬಡಿಯುತ್ತಾನೆ, ಈಗ ಅವನ ಕೈ ನನ್ನ ಕೈಗಿಂತ ಜೋರು. ಅಂಗವೈಕಲ್ಯದ ಸರ್ಟಿಫಿಕೇಟಿಗೆ ಎಷ್ಟು ಸಲ ಅಲೆದಿದ್ದೇನೆ ಗೊತ್ತಾ? 40 ಪ್ರಶ್ನೆಯ ಪಟ್ಟಿ, 70 ಅಂಕ ಮುಟ್ಟಿದರೆ ಆಟಿಸಂ, ಪರ್ಸೆಂಟೇಜ್ 40 ಇದ್ದರೆ ಸೌಲಭ್ಯ. ನನ್ನ ಮಗ ಎಷ್ಟು ಅಸಹಾಯಕ ಅಂತ ಅವನ ಎದುರಿಗೇ ಕೂತು ಒಂದೊಂದಾಗಿ ಹೇಳಬೇಕು. ನೀನು ಸಂಬಳ ತೆಗೆದುಕೊಳ್ಳುತ್ತೀಯ, ತಮಾಷೆ ಮಾಡುತ್ತೀಯ, ಬಿಪಿ ಜೋಕ್ ಹೊಡೆಯುತ್ತೀಯ. ನಿನಗೂ ಅವನಿಗೂ ಅದೇ ಪದವಾ? ಮೊದಲು ನಿನ್ನಂಥವರಿಗೆ ಆಸ್ಪರ್ಗರ್ ಅಂತ ಬೇರೆ ಹೆಸರಿತ್ತು. 2013ರಲ್ಲಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದರು. ಈಗ ಆಟಿಸಂ ಅಂದರೆ ಜನಕ್ಕೆ ನಿನ್ನಂಥವರೇ ನೆನಪಾಗುತ್ತಾರೆ, ನನ್ನ ಮಗ ಇನ್ನೂ ಹಿಂದೆ ಹೋದ.

(ಇಲ್ಲಿ 20 ನಿಮಿಷ ಯಾರೂ ಏನೂ ಬರೆಯಲಿಲ್ಲ. ನಾನೂ ನಾಲ್ಕು ಸಲ ಬರೆದು ಅಳಿಸಿದೆ.)

ನಾನು: ಅಣ್ಣ, ನೀನು ಹೇಳಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಪ್ಪುತ್ತೇನೆ. ಅವನ ಕಷ್ಟ, ನಿಮ್ಮಿಬ್ಬರ ಕಷ್ಟ ನನ್ನದಲ್ಲ, ಹೋಲಿಸುವುದಕ್ಕೂ ಹೋಗುವುದಿಲ್ಲ. ಅವನಂಥವರಿಗೆ ಬೇರೆ ಹೆಸರು ಬೇಕು ಅಂತ ಹೇಳುವ ತಜ್ಞರೂ ಇದ್ದಾರೆ, ಬೇಡ ಅನ್ನುವವರೂ ಇದ್ದಾರೆ, ನನಗೆ ಅದರಲ್ಲಿ ಗಟ್ಟಿ ಅಭಿಪ್ರಾಯ ಇಲ್ಲ. ನಾನು ಸರ್ಟಿಫಿಕೇಟ್ ಕೇಳಿಲ್ಲ, ಕೇಳುವುದೂ ಇಲ್ಲ. ಆದರೆ ಹೆಸರು ವಾಪಸ್ ಕೊಡು ಅಂದರೆ ಕೊಡುವುದಕ್ಕೆ ಬರುವುದಿಲ್ಲ. ಆ ನಾಲ್ಕು ತಿಂಗಳು ನಾನು ಸೋಮಾರಿ, ಕೆಟ್ಟ ತಾಯಿ ಅಂತ ನನ್ನನ್ನು ನಾನೇ ಬೈದುಕೊಂಡು ಮಲಗಿದ್ದೆ. ಈಗ ಶಾಲೆಯಿಂದ ಬಂದು ಅರ್ಧ ಗಂಟೆ ಕತ್ತಲೆ ರೂಮಿನಲ್ಲಿ ಕೂರುತ್ತೇನೆ, ಮಗಳು ಬಾಗಿಲಿಗೆ ಚೀಟಿ ಅಂಟಿಸಿದ್ದಾಳೆ. ಆ ಹೆಸರಿನಿಂದ ನನಗೆ ಸಿಕ್ಕಿದ್ದು ಅಷ್ಟೇ.

ಧಾರವಾಡ ಅತ್ತಿಗೆ: ನಾನೊಂದು ಕೇಳಲಾ? ಜಗಳಕ್ಕಲ್ಲ. ಕುಕ್ಕರ್ ಇಟ್ಟರೆ ಇವನು ಅಂಗಳಕ್ಕೆ ಓಡುತ್ತಾನೆ. ಸೀಟಿ ಹೊಡೆದ ಮೇಲೆ ಅಲ್ಲ, ಅದಕ್ಕಿಂತ ಮೊದಲೇ. ಯಾಕೆ ಅಂತ ಇಷ್ಟು ವರ್ಷವಾದರೂ ತಿಳಿದಿಲ್ಲ. ನಿನಗೇನಾದರೂ ಹಾಗೆ ಆಗುತ್ತದಾ?

ನಾನು: ಅವನ ವಿಷಯ ನಾನು ಹೇಗೆ ಹೇಳಲಿ ಅತ್ತಿಗೆ. ನನಗೆ ಆಗುವುದನ್ನು ಹೇಳುತ್ತೇನೆ. ಸೀಟಿ ಅಷ್ಟು ಕಷ್ಟ ಅಲ್ಲ, ಅದಕ್ಕೆ ಮುಂಚೆ ಸುಯ್ ಅಂತ ಶುರುವಾಗಿ ಏರುತ್ತಾ ಹೋಗುತ್ತದಲ್ಲ, ಅದು. ಈಗ ಹೊಡೆಯುತ್ತದೆ, ಈಗ ಹೊಡೆಯುತ್ತದೆ ಅಂತ ಹಲ್ಲು ಕಚ್ಚಿ ನಿಲ್ಲುತ್ತೇನೆ, ಕೈಯಲ್ಲಿದ್ದದ್ದು ಏನು ಅಂತಲೇ ಮರೆತುಹೋಗುತ್ತದೆ. ಹೊಡೆದುಬಿಟ್ಟರೆ ಆಯ್ತು, ಮುಗಿಯಿತು. ನಾನು ಒಲೆ ಮೇಲೆ ಇಡುವುದೇ ಬಿಟ್ಟೆ, ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಅನ್ನ. ಬೇಳೆ ಮಾತ್ರ ನನ್ನ ಗಂಡ ಬೇಯಿಸುತ್ತಾರೆ, ನಾನು ಮಹಡಿಗೆ ಹೋದ ಮೇಲೆ.

ಧಾರವಾಡ ಅತ್ತಿಗೆ: ಸುಯ್ ಅನ್ನುವಾಗಲೇ ಓಡುತ್ತಾನೆ. ಹೌದು. ಅದೇ ಹೊತ್ತಿಗೆ.

ಧಾರವಾಡ ಅಣ್ಣ: ಆ ಎಲೆಕ್ಟ್ರಿಕ್ ಕುಕ್ಕರ್ ಎಷ್ಟು ಲೀಟರಿಂದು?

ನಾನು: 1.8. ನಿಮಗೆ ಸಾಕಾಗುತ್ತದೆ.

ಧಾರವಾಡ ಅಣ್ಣ: ನಾನು ಹೇಳಿದ್ದರಲ್ಲಿ ತಪ್ಪಿದೆ ಅಂತ ಈಗಲೂ ಅನಿಸುತ್ತಿಲ್ಲ. ಆದರೆ ಲಿಂಕ್ ಕಳಿಸು.

ಹುಬ್ಬಳ್ಳಿ ಅತ್ತೆ: ನನಗೆ ಇನ್ನೂ ಒಂದು ಅರ್ಥ ಆಗುತ್ತಿಲ್ಲ. ಸದ್ದು ಆಗುವುದಿಲ್ಲ, ಜನ ಆಗುವುದಿಲ್ಲ ಅನ್ನುತ್ತೀಯ. ನಮ್ಮ ಮನೆಯ ಒಂದು ಮದುವೆ ಬಿಟ್ಟಿಲ್ಲ ನೀನು. ಅದೂ ಸುಮ್ನೆ ಬಂದು ಕೂರುವವಳಲ್ಲ, ಎಲ್ಲಾ ಮದುವೆಯಲ್ಲೂ ಉಗ್ರಾಣ ನಿನ್ನದೇ. ಒಂದು ತೆಂಗಿನಕಾಯಿ ಲೆಕ್ಕ ತಪ್ಪಿದ್ದಿಲ್ಲ. ಎಂಥ ಹುಡುಗಿ ಅಂತ ಬೀಗರೆಲ್ಲ ಹೊಗಳಿದ್ದಾರೆ.

ನಾನು: ಅತ್ತೆ, ಛತ್ರದಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ರೂಮು ಯಾವುದು?

ಹುಬ್ಬಳ್ಳಿ ಅತ್ತೆ: ಉಗ್ರಾಣ

ನಾನು: ಗಟ್ಟಿಮೇಳ ಅಂದಾಗ ನಾನು ಬಾಳೆಎಲೆ ಕಟ್ಟಿನ ಹಿಂದೆ, ಸಕ್ಕರೆ ಮೂಟೆಗೆ ಒರಗಿ ಕಿವಿಗೆ ಬೆರಳಿಟ್ಟು ಕೂತಿರುತ್ತೇನೆ. ತಾಳಿ ಕಟ್ಟುವುದನ್ನು ನಾನು ನೋಡಿರುವುದು ನನ್ನ ಮದುವೆಯಲ್ಲಿ ಮಾತ್ರ, ಅಲ್ಲೂ ತಲೆ ತಗ್ಗಿಸಿದ್ದೆ. ತೆಂಗಿನಕಾಯಿ ಎಣಿಸುತ್ತಿದ್ದದ್ದು ಲೆಕ್ಕಕ್ಕೆ ಅಲ್ಲ. ಎಣಿಸಿದರೆ ಉಸಿರಾಟ ಸರಿಯಾಗುತ್ತಿತ್ತು.

ತಂಗಿ: ನನಗೂ ಇದು ಗೊತ್ತಿರಲಿಲ್ಲ ಅಕ್ಕ

ಅಮ್ಮ: ನನಗೆ ಗೊತ್ತಿತ್ತು. ಬಾಗಿಲಿಗೆ ಹೊರಗಿನಿಂದ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ, ಯಾರೂ ಒಳಗೆ ಹೋಗದ ಹಾಗೆ. ಯಾಕೆ ಅಂತ ಮಾತ್ರ ಗೊತ್ತಿರಲಿಲ್ಲ.

ಶಿವಮೊಗ್ಗ ಚಿಕ್ಕಪ್ಪ ಈ ಸಂದೇಶವನ್ನು ಅಳಿಸಿದ್ದಾರೆ

ಅಮೆರಿಕ ಭಾವ: ಚಿಕ್ಕಪ್ಪ, ಬೆಳಗಿನ ಫಾರ್ವರ್ಡ್ ಡಿಲೀಟ್ ಮಾಡಿದಿರಾ?

ಶಿವಮೊಗ್ಗ ಚಿಕ್ಕಪ್ಪ: ಆಗಲಿಲ್ಲ. ಒತ್ತಿದ್ದು ತಪ್ಪಿತು. ಬೇರೆ ಯಾವುದೋ ಹೋಯಿತು.

ಮೈಸೂರು ದೊಡ್ಡಪ್ಪ: ಏನೋಪ್ಪ, ನಾನಂತೂ ಪೂರ್ತಿ ಒಪ್ಪುವುದಿಲ್ಲ. ಅದಿರಲಿ, ಮುಂದಿನ ತಿಂಗಳ ಮುಂಜಿಗೆ ಉಗ್ರಾಣ ಯಾರು?

ನಾನು: ನಾನೇ. ಕುರ್ಚಿ ಅಮ್ಮನದು.