ದೂರು ಕೊಟ್ಟ ಸೆನ್ಸರ್‌ಗೇ ಶಿಕ್ಷೆಯಾ?

"ಆಕ್ಸಿಜನ್ ಸೆನ್ಸರ್ ಹೋಗಿದೆಯಂತೆ. 6 ಸಾವಿರ. ನಾಳೆ ಹಾಕಿಸ್ತೀನಿ," ಅಂದ ಗಿರೀಶ, ಬೈಟು ಕಾಫಿಯಲ್ಲಿ ದೊಡ್ಡ ಪಾಲನ್ನು ತನ್ನ ಕಡೆ ಎಳೆದುಕೊಳ್ಳುತ್ತಾ. ಅವನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ಲೈಟ್ ಬಂದು ವಾರವಾಗಿತ್ತು.

ಪ್ರಕಾಶನಿಗೆ ಕಾರಿನ ವಿಷಯ ಸಿಕ್ಕರೆ ಉಪ್ಪಿಟ್ಟೂ ಬೇಡ. "ಸುಮ್ನೆ ಯಾಕೆ ದಂಡ? ಬ್ಯಾಟರಿ ವೈರ್ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹಾಕು. ಲೈಟ್ ಹೋಗತ್ತೆ."

"ಹೋಗಿತ್ತು. ಆಮೇಲೆ ಬಂತು."

"ಹಾಗಾದರೆ ಕಪ್ಪು ಟೇಪ್ ಅಂಟಿಸು."

"ಅಂಟಿಸಿದ್ದೆ. ಹೆಂಡತಿ ಕಿತ್ತು ಹಾಕಿದಳು."

ಮಂಜಣ್ಣ ಗ್ಯಾರೇಜಿನವರು. ವಡೆ ಮುಗಿಯುವ ತನಕ ಬಾಯಿ ಬಿಡುವವರಲ್ಲ. ಮುಗಿಯಿತು. "ಸೆನ್ಸರ್ ಹೋಗಿದೆ ಅಂತ ಯಾರು ಹೇಳಿದ್ದು?"

"ಸ್ಕ್ಯಾನರ್, ಅಣ್ಣ. ಪಿ0171 ಅಂತ ಕೋಡ್ ಬಂತು."

"ಅದರಲ್ಲಿ ಸೆನ್ಸರ್ ಅನ್ನೋ ಮಾತೇ ಇಲ್ಲವಲ್ಲ ಮಾರಾಯ! ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ ಅದರ ಅರ್ಥ. ಹೊಗೆಯಲ್ಲಿರೋ ಆಕ್ಸಿಜನ್ ಅಳೆದು ಆ ವಿಷಯವನ್ನ ಕಾರಿನ ಕಂಪ್ಯೂಟರಿಗೆ ಹೇಳಿದ್ದೇ ಆ ಸೆನ್ಸರ್. ಕಳ್ಳ ಬಂದ ಅಂತ ಕೂಗಿದ ವಾಚ್‌ಮನ್‌ನನ್ನೇ ಕೆಲಸದಿಂದ ತೆಗೀತೀಯಾ?"

ಇಲ್ಲಿ ಒಂದು ಮಾತು. 2013ರಿಂದೀಚೆಗೆ ನಮ್ಮ ದೇಶದ ಹೊಸ ಕಾರುಗಳಿಗೆ ಓಬಿಡಿ-2 ಬಂತು. ಕಾರು ತನ್ನ ಕಾಯಿಲೆಯನ್ನು ತಾನೇ ಕೋಡಿನಲ್ಲಿ ಹೇಳುವ ವ್ಯವಸ್ಥೆ ಅದು. ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೊಂದು ಅಗ್ಗದ ಬ್ಲೂಟೂತ್ ಡಾಂಗಲ್ ಚುಚ್ಚಿದರೆ ಕೋಡ್ ಮೊಬೈಲಿಗೇ ಬರುತ್ತದೆ. ಅಲ್ಲಿಂದಾಚೆ ನಮ್ಮ ಗೆಳೆಯರೆಲ್ಲ ಡಾಕ್ಟರಾಗಿದ್ದಾರೆ. ಪರೀಕ್ಷೆ ಮಾಡದ ಡಾಕ್ಟರು, ಅಷ್ಟೇ.

"ಬ್ಯಾಟರಿ ಬಿಚ್ಚಿದ್ದು ಇನ್ನೊಂದು ಘನಕಾರ್ಯ," ಅಂದರು ಮಂಜಣ್ಣ. "ಕೋಡ್ ಬಂದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ಸ್ಪೀಡಲ್ಲಿತ್ತು ಅಂತ ಕಂಪ್ಯೂಟರ್ ಬರೆದಿಟ್ಟಿರತ್ತೆ. ನೀನು ಸಾಕ್ಷಿ ಅಳಿಸಿದೆ."

ಪ್ರಕಾಶ ಸಾಂಬಾರಿನ ಬಟ್ಟಲಿನೊಳಗೆ ಏನೋ ಹುಡುಕತೊಡಗಿದ.

ಕಾರು ಹೋಟೆಲಿನ ಎದುರಿಗೇ ಇತ್ತು. ಡಾಂಗಲ್ ಚುಚ್ಚಿ ಎಂಜಿನ್ ಬಿಸಿ ಮಾಡಿದೆವು. ಸೆನ್ಸರಿನ ವೋಲ್ಟೇಜ್ 0.1ರಿಂದ 0.9ರ ನಡುವೆ ಚಟಪಟ ಓಡಾಡುತ್ತಿತ್ತು. "ಚೆನ್ನಾಗೇ ಇದೆಯಲ್ಲೋ. ಸತ್ತ ಸೆನ್ಸರ್ ಹೀಗೆ ಕುಣಿಯತ್ತಾ?" ಅಂದ ಮಂಜಣ್ಣ ಆಮೇಲೆ ಫ್ಯೂಯಲ್ ಟ್ರಿಮ್ ನೋಡಿದರು. ಗಾಳಿಗೆ ತಕ್ಕಂತೆ ಕಂಪ್ಯೂಟರ್ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚಿಗೆ ಸುರಿಯುತ್ತಿದೆ ಅನ್ನುವ ಲೆಕ್ಕ ಅದು. ಗಾಡಿ ನಿಂತಲ್ಲೇ ಗುರುಗುಡುವಾಗ 22. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂಗೆ ತಂದರೆ 5.

"ಸಿಕ್ಕಿತು. ಪೆಟ್ರೋಲ್ ಪಂಪೋ ಫಿಲ್ಟರೋ ಕೆಟ್ಟಿದ್ದರೆ ಜೋರು ಮಾಡಿದಷ್ಟೂ ಆ ಅಂಕಿ ಏರಬೇಕು. ಇಲ್ಲಿ ಇಳೀತಿದೆ. ಗಾಳಿ ಅಳೆಯೋ ಸೆನ್ಸರ್ ದಾಟಿದ ಮೇಲೆ ಎಲ್ಲೋ ತೂತಾಗಿದೆ. ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ತಿದೆ. ನಿಂತಾಗ ಅದೇ ದೊಡ್ಡ ಪಾಲು, ಓಡುವಾಗ ಚಿಲ್ಲರೆ."

ಬಾನೆಟ್ ಎತ್ತಿ ಕಿವಿಗೊಟ್ಟರೆ ಸುಯ್ ಅನ್ನುವ ಸದ್ದು. ಒಂದು ರಬ್ಬರ್ ಪೈಪು. ಅದರ ಮೇಲೆ ಸಾಲಾಗಿ ಪುಟ್ಟ ಹಲ್ಲಿನ ಗುರುತು.

"ಇಲಿ! ಗಣಪನ ವಾಹನ ಗಿರೀಶನ ವಾಹನ ತಿಂದಿದೆ," ಅಂದೆ ನಾನು.

"ಚೌತಿಗೆ ಕಡುಬು ಕಮ್ಮಿ ಮಾಡಿದ್ದೆವು ಮಾರಾಯ," ಅಂದ ಗಿರೀಶ, ನಿಜವಾದ ಪಶ್ಚಾತ್ತಾಪದಿಂದ.

ಪೈಪಿಗೆ 150 ರೂಪಾಯಿ. ಎಲ್ಲ ಲೈಟಿಗೂ ಹೀಗೆ ನಿಧಾನ ಮಾಡಬೇಡಿ ಅಂತಲೂ ಮಂಜಣ್ಣ ಗದರಿದರು. ಆಯಿಲ್ ಕ್ಯಾನಿನ ಕೆಂಪು ಲೈಟ್ ಬಂದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಈ ಹಳದಿಯೇ ಪಿಳಿಪಿಳಿ ಅಂದರೆ ಮಿಸ್‌ಫೈರ್, ಅಂದರೆ ಎಂಜಿನ್ನಿನೊಳಗೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಹಾಗೇ ಓಡಿಸಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟು, ಬಿಲ್ಲು ನೋಡಿ ನಾವೂ ಸುಡುತ್ತೇವೆ.

"ನನ್ನ ಕಾರಿಗೆ ಈ ಗೋಳೇ ಇಲ್ಲ," ಅಂದ ಪ್ರಕಾಶ. "ತಗೊಂಡಾಗಿನಿಂದ ಆ ಲೈಟ್ ಒಮ್ಮೆಯೂ ಬಂದಿಲ್ಲ."

"ಕೀ ತಿರುಗಿಸಿದಾಗಲೂ?"

"ಇಲ್ಲವೇ ಇಲ್ಲ!"

"ಸ್ಟಾರ್ಟ್ ಮಾಡೋ ಮುಂಚೆ ಅದು ಬರಲೇಬೇಕು. ಲೈಟ್ ಸರಿ ಇದೆ ಅಂತ ಕಾರೇ ತೋರಿಸೋದು. ಹೊಸ ಕಾರಾ, ಸೆಕೆಂಡ್ ಹ್ಯಾಂಡಾ?"

"ಸೆಕೆಂಡ್ ಹ್ಯಾಂಡು. ಕೊಟ್ಟವನು ತುಂಬಾ ಒಳ್ಳೆಯವನು ಅಣ್ಣ. ಸೀಟ್ ಕವರ್ ಫ್ರೀ ಕೊಟ್ಟ."

"ಬಲ್ಬ್ ಮಾತ್ರ ತಾನೇ ಇಟ್ಟುಕೊಂಡ," ಅಂದ ಗಿರೀಶ.